ಇರುವೆಗೆ ಜ್ವರ ಬಂದರೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ... ಓ, ಭಾವನವರಾ? ನಾನು, ಗುಬ್ಬಿಯ ಅಮ್ಮ. ಅಕ್ಕ ಇದ್ದಾರಾ? ... ಮಲಗಿದ್ದಾರಾ? ಬೆಳಿಗ್ಗೆ ಹನ್ನೊಂದು ಗಂಟೆಗೆ? ... ಎಬ್ಬಿಸಿ, ಪರವಾಗಿಲ್ಲ. ಕಾಯ್ತೀನಿ.

...

ಅಕ್ಕಾ? ... ಹಾಂ, ನಾನೇ. ... ಕೈ ಹಾಗೇ ಇದೆ. ಊದಿದ್ದು ಊದಿದ ಹಾಗೇ. ಇವತ್ತು ಗುಬ್ಬಿಯ ಅಂಗಿಗೆ ಗುಂಡಿ ಹಾಕೋಕೂ ಆಗಲಿಲ್ಲ. ಅವಳೇ ಹಾಕ್ಕೊಂಡ್ಳು, ಒಂದು ಮೇಲೆ, ಒಂದು ಕೆಳಗೆ. ಅದಿರಲಿ. ವಾರಪತ್ರಿಕೆ ನೋಡಿದೆ.

...

ಎಲ್ಲಿ ಅಂದ್ರೆ? ಮೊನ್ನೆ ರಕ್ತ ಪರೀಕ್ಷೆಗೆ ಹೋದಾಗ. ಆ ನರ್ಸ್ ಇದ್ದಾಳಲ್ಲ, "ಈ ವಾರದ ಕಂತು ಓದಿದ್ರಾ, ಎಷ್ಟು ಚೆನ್ನಾಗಿದೆ" ಅಂತ ನನಗೇ ಓದಿ ಹೇಳಿದ್ಳು. ನನ್ನ ಕಥೆ ಅಕ್ಕ! ನನ್ನ ಮುದುಕಿ, ನನ್ನ ಬೀಗ ಹಾಕಿದ ಕೋಣೆ. ಮೇಲೆ ನಿಮ್ಮ ಹೆಸರು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ನನಗೆ.

...

ಪತ್ರಿಕೆಯವರ ಕಡೆಯಿಂದ ತಪ್ಪಾಗಿದೆಯಾ? ಹೌದಾ? ಹೊಸ ಕನ್ನಡಕ ಹಾಕ್ಕೊಂಡ ನಿಮ್ಮ ಫೋಟೋನೂ ತಪ್ಪಾಗಿ ಬಿತ್ತಾ?

...

ಇಬ್ಬರದೂ ಕಥೆ ಅಂತೀರಾ? ಟೈಪ್ ಮಾಡಿದ್ದು ನೀವು, ಒಪ್ಪಿದೆ. "ಕಾಯಿಲೆ ಬಂದಿರೋದು ನಿನ್ನ ಕೈಗೆ, ಬಾಯಿಗಲ್ಲ. ಹೇಳಿ ಕಳಿಸು, ನಾನು ಟೈಪ್ ಮಾಡ್ತೀನಿ" ಅಂದವರೂ ನೀವೇ. ಆ ಮಾತು ಹಿಡ್ಕೊಂಡೇ ನಾಲ್ಕು ತಿಂಗಳು ಹಾಸಿಗೆಯಿಂದ ಎದ್ದೆ ಅಕ್ಕ. ಗುಬ್ಬಿ ಸ್ನಾನ ಮಾಡೋ ಹತ್ತು ನಿಮಿಷ. ಬಚ್ಚಲುಮನೆ ಬಾಗಿಲ ಹತ್ತಿರ ಸ್ಟೂಲ್ ಹಾಕ್ಕೊಂಡು ಫೋನಲ್ಲಿ ಕಥೆ ರೆಕಾರ್ಡ್ ಮಾಡಿ ನಿಮಗೆ ಕಳಿಸ್ತಿದ್ದೆ. ದಿನಾ. ಜ್ವರ ಬಂದಾಗಲೂ. ಅಲ್ಪವಿರಾಮ, ಪೂರ್ಣವಿರಾಮ ಸಮೇತ. ನಿಮಗೆ ಕಷ್ಟ ಆಗಬಾರದು ಅಂತ!

...

ಯಾರು ನಂಬ್ತಾರೆ ಅಂತೀರಾ? ಪತ್ರಿಕೆ ಅಲ್ಲೇ ಇದೆಯಾ? ತೆಗೀರಿ. ಎರಡನೇ ಪುಟ. ಚೌಕಟ್ಟು ಹಾಕಿ ದಪ್ಪಕ್ಷರದಲ್ಲಿ ಒಂದು ಸಾಲಿದೆಯಲ್ಲ, ಓದಿ. ... ಜೋರಾಗಿ. ... ಹಾಂ. "ಅಮ್ಮಾ, ಇರುವೆಗೆ ಜ್ವರ ಬಂದ್ರೆ ಯಾರು ಮುಟ್ಟಿ ನೋಡ್ತಾರೆ?"

...

ಅದು ಕಥೆ ಅಲ್ಲ ಅಕ್ಕ. ಅದು ಗುಬ್ಬಿ. ಮೈತುಂಬ ಸೋಪು ಹಚ್ಕೊಂಡು, ಬಾಗಿಲು ತೆಗೆದು ಕೇಳಿದ್ಳು. ಫೋನ್ ನಿಲ್ಲಿಸೋಣ ಅಂದ್ರೆ ಬೆರಳು ಮಡಚಲಿಲ್ಲ, ಹಾಗೇ ರೆಕಾರ್ಡ್ ಆಯ್ತು. ಈಗಲೂ ನನ್ನ ಫೋನಲ್ಲಿದೆ. ನೀವು ಅದನ್ನೂ ಸೇರಿಸಿ ಟೈಪ್ ಮಾಡಿದ್ರಿ. ನನ್ನ ಮುದುಕಿಗೆ ಮಕ್ಕಳು ಮರಿ ಯಾರೂ ಇಲ್ಲ, ಅವಳ ಮನೆಗೆ ಮಗು ಎಲ್ಲಿಂದ ಬಂತು ಅಂತ ಒಂದು ಸಲವಾದ್ರೂ ಯೋಚನೆ ಬರಲಿಲ್ವಾ?

...

ಅಳಬೇಡಿ. ಅಳೋ ಸರದಿ ನಂದು. ಬೇಲಿಯೇ ಎದ್ದು ಹೊಲ ಮೇಯ್ತು, ಇನ್ನೇನು ಹೇಳಲಿ? "ಈ ಕಾಯಿಲೇಲಿ, ಈ ಮಗು ಕಟ್ಕೊಂಡು ಬರವಣಿಗೆ ಬೇರೆ ಕೇಡು" ಅಂತ ಅತ್ತೆ ಅಂದ್ರು, ತಡ್ಕೊಂಡೆ. ಇವರೂ ಅಂದ್ರು, ತಡ್ಕೊಂಡೆ. ನೀವಿದ್ದೀರಲ್ಲ ಅನ್ನೋ ಧೈರ್ಯ. ಮೊನ್ನೆಯಿಂದ ಒಂದು ಸಾಲೂ ಬಾಯಿಗೆ ಬಂದಿಲ್ಲ, ಗೊತ್ತಾ? ಗುಬ್ಬಿ ಸ್ನಾನಕ್ಕೆ ಹೋದ್ರೆ ಸುಮ್ಮನೆ ಗೋಡೆ ನೋಡ್ಕೊಂಡು ಕೂತಿರ್ತೀನಿ.

...

ಏನು? ... ಇನ್ನೊಂದು ಸಲ ಹೇಳಿ. ... ಮುಂದಿನ ವಾರ ಮುಕ್ತಾಯವಾ? ಕೊನೆಯ ಕಂತು ಇವತ್ತು ಸಂಜೆಯೊಳಗೆ ಕಳಿಸ್ಬೇಕಾ? ... ಅಯ್ಯೋ, ಹೌದಲ್ಲ! ಕಥೆ ಮುಗಿಸೋ ವಾರ ನಾನು ಆಸ್ಪತ್ರೆ ಸೇರಿದ್ದೆ, ಕೊನೆ ಹೇಳಿರಲೇ ಇಲ್ಲ. ಅದಕ್ಕೇನಾ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಈಗ ಮಲಗಿದ್ದು?

...

ಹಾಂ... ಪುಸ್ತಕ ಬಂದಾಗ ನನ್ನ ಹೆಸರೂ ಹಾಕಿಸ್ತೀರಾ? ಎಲ್ಲಿ, ಕೊನೆಯ ಪುಟದಲ್ಲಾ? ... ನೆರವು ಅಂತ. ಓಹೋ.

...

ಸರಿ. ಹೇಳ್ತೀನಿ. ... ಹೌದು, ಈಗಲೇ. ನನ್ನ ಬಾಯಿಗೇನೂ ಆಗಿಲ್ವಲ್ಲ. ... ಲ್ಯಾಪ್‌ಟಾಪ್ ತಂದ್ರಾ? ಸ್ಪೀಕರ್ ಹಾಕಿ, ಭಾವನವರೂ ಕೇಳಲಿ. ... ಹಾಂ, ಬರ್ಕೊಳ್ಳಿ.

...

"ಈ ಕಥೆ ನಾನು ಬರೆದದ್ದಲ್ಲ." ಪೂರ್ಣವಿರಾಮ.

...

ಟೈಪ್ ಮಾಡಿದ್ರಾ? ... ಕೀಲಿಮಣೆ ಸದ್ದೇ ಕೇಳ್ತಿಲ್ಲ. ... ಅಕ್ಕಾ? ಮುಂದಿನ ಸಾಲು ಹೇಳ್ಲಾ? "ಇದನ್ನು ಹೇಳಿದವಳ ಹೆಸರು..." ಹಲೋ? ... ಹಲೋ...