ಗಾಳಿಯಲ್ಲಿ ನಿಂತ ಮೀನು

ಹಲ್ಲಿನ ವೈದ್ಯರ ಹೊರಕೋಣೆಯಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಬಸ್ ಚಾಲಕನಿಗೆ ಬೆಳಿಗ್ಗೆಯಿಂದ ಬಾಯಿ ಬಿಡಲು ಆಗಿರಲಿಲ್ಲ. ಕಿವಿ ಮಾತ್ರ ಚೆನ್ನಾಗಿತ್ತು. ಪಕ್ಕದಲ್ಲೇ ಅವನಿಗೆ ಗುರುತಿಲ್ಲದ ಅತ್ತಿಗೆ, ನಾದಿನಿ ಇಬ್ಬರೂ ಮಾತಿಗಿಳಿದಿದ್ದರು.

“ಹೊಸ ಮೀನಿನ ತೊಟ್ಟಿ ಹೇಗಿದೆ ಅತ್ತಿಗೆ? ನೀರು ಇನ್ನೂ ಸುಣ್ಣ ಕದಡಿದ ಹಾಗೇ ಇದೆಯಾ?” ನಾದಿನಿ ಕೇಳಿದಳು.

“ದಿನಾ ನೀರು ಚೆಲ್ಲಿ ಹೊಸದು ತುಂಬಿಸ್ದೆ. ಕಲ್ಲು ಉಜ್ಜಿದೆ. ಫಿಲ್ಟರಿನ ಸ್ಪಂಜಿಗೂ ಸೋಪು ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ನೀರು ಬೆಳ್ಳಗಾಯ್ತು.”

“ಸೋಪಾ! ಅದೇನು ಮಸಿ ಹಿಡಿದ ಪಾತ್ರೇನಾ?”

“ನಂಗೇನು ಗೊತ್ತು? ಎರಡು ಮೀನು ಸತ್ತ ಮೇಲೆ ಅಂಗಡಿಗೆ ಓಡಿದೆ. ಆ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡ್ಬೇಕಂತೆ, ನೀರು ತಿಳಿ ಮಾಡೋದು ಅವೇ ಅಂತೆ. ನಾನು ದಿನಾ ಅವುಗಳ ಸಂಸಾರ ತೊಳೆದು ಚರಂಡಿಗೆ ಬಿಡ್ತಿದ್ದೆ. ಇನ್ನು ಸುಮ್ನೆ ಬಿಟ್ಟುಬಿಡಿ ಅಂದ್ರು.”

“ನೀವು ಸುಮ್ನಿರೋದಾ? ನೆಂಟರು ಏಳೋಕೆ ಮುಂಚೆ ಕುರ್ಚಿ ಒರೆಸೋರು ನೀವು!”

“ಕೈ ತುರಿಸ್ತಿತ್ತು ಕಣೇ. ಆದ್ರೂ ಉಳಿದೊಂದು ಮೀನಿನ ಮುಖ ನೋಡಿ ವಾರಗಟ್ಟಲೆ ತಡ್ಕೊಂಡೆ. ಇವತ್ತು ಬೆಳಿಗ್ಗೆ ನಿಮ್ಮಮ್ಮ ಒಂದೇ ಸಮ ಕೂಗಿದ್ರು, ‘ಯಾರೋ ನೀರೆಲ್ಲ ಚೆಲ್ಲಿಬಿಟ್ಟಿದಾರೆ, ಮೀನು ಗಾಳೀಲಿ ನಿಂತಿದೆ, ಬನ್ರೇ!’ ಅಂತ.”

“ಆಮೇಲೆ?”

“ಓಡಿ ಹೋದೆ. ನಿಜವಾಗ್ಲೂ ಗಾಳೀಲೇ ನಿಂತಿತ್ತು. ಹೆದರ್ಕೊಂಡು ತೊಟ್ಟಿಯೊಳಗೆ ಬೆರಳು ಇಳಿಬಿಟ್ಟೆ.” ಅತ್ತಿಗೆಯ ದನಿ ತಗ್ಗಿತು. “ಒದ್ದೆಯಾಯ್ತು.”

ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು. ಚಾಲಕನ ಬಾಯಿ ಮಾತ್ರ, ನೋವಿನ ನೆನಪೇ ಇಲ್ಲದೆ, ಅಗಲವಾಗಿ ತೆರೆದೇ ಇತ್ತು.