ಮಗಳ ಪರವಾಗಿ ಕೊಟ್ಟ ಕ್ಷಮೆ

ಕಳೆದ ಭಾನುವಾರ ಮಧ್ಯಾಹ್ನ ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಹಳೇಬೀಡಿನ ಬಸ್ಸಿಗಾಗಿ ಕಾದಿದ್ದೆ. ಪ್ರಾರ್ಥನಾಸಭೆ ಮುಗಿಸಿ ಬಂದ ದಂಪತಿಗಳು ಪಕ್ಕದಲ್ಲಿ ಕುಳಿತರು. ಗಂಡನ ತೊಡೆಯ ಮೇಲೆ ಸತ್ಯವೇದವಿತ್ತು. ಹೆಂಡತಿಯ ಸಿಟ್ಟಿಗೆ ದನಿ ತಗ್ಗಿಸುವ ವ್ಯವಧಾನವಿರಲಿಲ್ಲ.

“ಬೆನಿತಾ ಅವಳ ಸೋದರತ್ತೇನ ಕ್ಷಮಿಸಿದಾಳೆ ಅಂತ ಸಭೇಲಿ ಎಲ್ಲರ ಮುಂದೆ ಎದ್ದು ಸಾಕ್ಷಿ ಹೇಳಿದ್ರಲ್ಲ, ಮಗಳನ್ನ ಒಂದು ಮಾತು ಕೇಳಿದ್ರಾ?”

“ಕ್ಷಮಿಸಬೇಕು ತಾನೇ? ಕ್ರೈಸ್ತರಲ್ವೇನೇ ನಾವು?”

“ಹುಡುಗಿಗೆ ಮೂರ್ಛೆರೋಗ ಐತೆ ಅಂತ ಸುಳ್ಳು ಹಬ್ಬಿಸಿ, ನಿಶ್ಚಯ ಆಗಿದ್ದ ಮದುವೆ ಮುರಿದೋಳು ನಿಮ್ಮ ತಂಗಿ. ಅನುಭವಿಸಿದೋಳು ಬೆನಿತಾ. ಮಧ್ಯೆ ಕ್ಷಮಿಸೋಕೆ ನೀವ್ಯಾರು?”

“ಯೇಸುಸ್ವಾಮಿ ಶಿಲುಬೆ ಮೇಲೇ ಕ್ಷಮಿಸಲಿಲ್ವಾ?”

“ಕ್ಷಮಿಸಿದ್ರು. ಮೊಳೆ ಹೊಡೆದಿದ್ದು ಅವರ ಕೈಗೇ. ನಿಮ್ಮ ಕೈಲಿ ಗಾಯ ಎಲ್ಲೈತೆ, ತೋರಿಸಿ.”

ಆತ ಕೈಯನ್ನು ಸತ್ಯವೇದದ ಕೆಳಗೆ ಸರಿಸಿದರು.

“ಸಭೆಯೆಲ್ಲಾ ಹಲ್ಲೆಲೂಯ ಅಂತು ಕಣೇ.”

“ಅಂತು. ಮಗಳು ಎದ್ದು ಆಚೆ ಹೋದ್ಲು. ಒಬ್ಬಳೇ ಬಸ್ಸು ಹತ್ತಿದೋಳು ಫೋನೂ ಎತ್ತುತಿಲ್ಲ. ಮುಂದಿನ ವಾರ ಅಲ್ಲೇ ಎದ್ದು, ‘ನಾನು ಹೇಳಿದ್ದು ಸುಳ್ಳು’ ಅನ್ನಿ.”

“ನನ್ನ ಮಾನ ಹೋಗಲ್ವಾ?”

“ಅವಳದು ಹೋದಾಗ ಹಲ್ಲೆಲೂಯ, ನಿಮ್ಮದಾದ್ರೆ ಮಾನವಾ? ಮೊದಲು ಮನೆಗೆ ಹೋಗಿ ಅವಳ ಹತ್ರ ತಪ್ಪಾಯ್ತು ಅನ್ನಿ.”

“ಅಪ್ಪನ ಬಾಯಲ್ಲಿ ಅದನ್ನೂ ಹೇಳಿಸ್ಬೇಕಾ? ಕೇಳದೇನೇ ಕ್ಷಮಿಸ್ತಾಳೆ ಬಿಡೇ.”

“ಕೇಳದೇ ಇದ್ದೋರನ್ನೂ ಕ್ಷಮಿಸೋಕೆ ಅವಳು ಯೇಸುಸ್ವಾಮಿ ಅಲ್ಲ ಕಣ್ರೀ, ನಿಮ್ಮ ಮಗಳು!”

ಬಸ್ಸು ಬಂದಿತು. ಆಕೆ ಹಿಂದಿರುಗಿ ನೋಡದೆ ಹತ್ತಿದರು. ಆತ ಎಲ್ಲರೂ ಹತ್ತುವವರೆಗೆ ನಿಂತಿದ್ದು, ಕೊನೆಗೆ ಹತ್ತಿದರು.