ಒಳಗೆ ಕರೆಯುವ ಮುಂಚೆ

ಬ್ಯಾಂಕಿನ ಸಾಲ ವಸೂಲಿ ವಿಭಾಗದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅಕ್ಕ, ತಮ್ಮ ಕೂತಿದ್ದರು. ತಮ್ಮ ಒಂದೇ ಸಮನೆ ಕಾಲು ಕುಣಿಸುತ್ತಿದ್ದ.

“ಒಳಗೆ ಹೋಗಿ ಏನಂತೀಯ?”

“ಮುಂದಿನ ತಿಂಗಳು ಪೂರ್ತಿ ಕಟ್ತೀನಿ ಅಂತೀನಿ.”

“ಎಲ್ಲಿಂದ ತರ್ತೀಯ?”

“ಇನ್ನೊಂದು ಕ್ರೆಡಿಟ್ ಕಾರ್ಡ್ ಇದೆಯಲ್ಲಕ್ಕಾ.”

“ಅದನ್ನ ಉಜ್ಜಿ ಇದಕ್ಕೆ ಕಟ್ಟಿ ತಾನೇ ಈ ಗತಿ ಬಂದಿರೋದು! ಬಡ್ಡಿ ಬಿಟ್ಕೊಡಿ, ಅಸಲು ಕಂತಲ್ಲಿ ಕಟ್ತೀನಿ ಅಂತ ಕೇಳು.”

“ಒಪ್ಪದೇ ಹೋದ್ರೆ? ವಸೂಲಿಯವರು ಮತ್ತೆ ನನ್ನ ಸೆಲೂನಿಗೇ ಬಂದು ಗಿರಾಕಿಗಳ ಎದುರು ಮಾನ ಕಳೀತಾರೆ. ಮನೇಲಿ ಅವಳಿಗೆ ಗೊತ್ತಾದ್ರೆ ಮುಗೀತು.”

“ಅವಳಿಗೆ ಎಲ್ಲಾ ಗೊತ್ತು ಕಣೋ. ನಿನ್ನ ಜೊತೆ ನನ್ನ ಕಳ್ಸಿದ್ದೇ ಅವಳು.”

ಕುಣಿಯುತ್ತಿದ್ದ ಕಾಲು ನಿಂತಿತು. ಅಷ್ಟರಲ್ಲಿ ಒಳಗಿನಿಂದ ಕರೆದರು.

“ನೀನೂ ಬಾಕ್ಕಾ.”

“ಬರ್ತೀನಿ. ಆದ್ರೆ ಮಾತು ನೀನೇ ಆಡ್ಬೇಕು.”

ಇಬ್ಬರೂ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.